ಹಿನ್ನೀರಿನಲ್ಲಿ ಹಿಡಿದ ಕೈ

ನಾನು ಮೋಟಾರು ರಿವೈಂಡಿಂಗ್ ಮಾಡುವವನು. ಸಕಲೇಶಪುರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು ಅಂಗಡಿ ಇಟ್ಟು. ಎಸ್ಟೇಟುಗಳಿಂದ ಸುಟ್ಟ ಪಂಪ್‌ಸೆಟ್ ಹೊತ್ತು ತರುವವರಲ್ಲಿ ಅರ್ಧ ಜನ ಕರೆಂಟನ್ನು ಬೈಯುತ್ತಾರೆ, ಉಳಿದವರು ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ನಾನು ಬಿಚ್ಚಿ, ಬೇರಿಂಗ್ ಹೋಗಿದೆ ಎಂದೋ ನೀರು ಇಳಿದಿದೆ ಎಂದೋ ಕಣ್ಣಿಗೆ ಕಾಣುವ ಹಾಗೆ ತೋರಿಸುತ್ತೇನೆ. ಎಲ್ಲದಕ್ಕೂ ಒಂದು ಕಾರಣ ಇರುತ್ತದೆ, ಬಿಚ್ಚಿ ನೋಡುವ ತಾಳ್ಮೆ ಇರಬೇಕಷ್ಟೆ ಎನ್ನುವುದು ನನ್ನ ಸ್ವಭಾವ. ಯಾರಾದರೂ ದೆವ್ವ ಕಂಡೆ ಎಂದರೆ, ಅವತ್ತು ಎಷ್ಟು ಹಾಕಿದ್ದೆ ಮಾರಾಯ ಎಂದು ಕೇಳಿ ಅವರ ಮುಖ ಸಪ್ಪಗೆ ಮಾಡುವುದರಲ್ಲಿ ನನಗೊಂದು ಖುಷಿಯೂ ಇತ್ತು.

ಆದ್ದರಿಂದ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ನಾನು ಹೇಳಹೊರಟಿರುವುದು ನಡೆದದ್ದು ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ, ಒಳ್ಳೆಯ ಬಿಸಿಲಿನಲ್ಲಿ. ಕುಡಿದಿರಲಿಲ್ಲ. ಜ್ವರ ಇರಲಿಲ್ಲ. ಹೊಟ್ಟೆಯಲ್ಲಿ ಎರಡು ಅಕ್ಕಿ ರೊಟ್ಟಿ, ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಇರಲಿಲ್ಲ. ಏಳೆಂಟು ವರ್ಷ ಕಳೆದಿದೆ. ಈ ಏಳೆಂಟು ವರ್ಷವೂ ಅದನ್ನು ಬಿಚ್ಚಿ ನೋಡುತ್ತಲೇ ಇದ್ದೇನೆ, ಹೋದ ಬೇರಿಂಗ್ ಯಾವುದೆಂದು ಸಿಕ್ಕಿಲ್ಲ.

ಗುಡ್ಡದ ಊರಿನವನಿಗೆ ಸ್ಕೂಬಾ ಡೈವಿಂಗ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಎಸ್ಟೇಟಿನ ಕೆರೆಗಳಿಂದ ಬಂತು. ಕಾಫಿ ಹೂವಿಗೆ ನೀರು ಹಾಯಿಸುವ ಕಾಲದಲ್ಲಿ ಕೆರೆಯೊಳಗೆ ಪೈಪಿನ ಫುಟ್‌ವಾಲ್ವ್ ಕಳಚಿ ಬಿದ್ದರೆ, ಮೋಟಾರೇ ಕಟ್ಟು ತಪ್ಪಿ ಮುಳುಗಿದರೆ, ತೆಗೆದುಕೊಡುವವರು ಇಲ್ಲಿ ಯಾರೂ ಇರಲಿಲ್ಲ. ನನಗೆ ಈಜು ಬರುತ್ತಿತ್ತು. ಕರಾವಳಿಗೆ ಹೋಗಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಇಳಿಯುವುದನ್ನು ಕಲಿತು ಬಂದೆ. ಜೊತೆಗೆ ನನ್ನ ಗೆಳೆಯ ಸಲೀಂನನ್ನೂ ಎಳೆದುಕೊಂಡು ಹೋಗಿದ್ದೆ. ಅವನ ಮನೆಯವರದ್ದು ಕಾಫಿ ವ್ಯಾಪಾರ. ಪೇಟೆಯಲ್ಲಿ ಗೋಡೌನು, ಎರಡು ಲಾರಿ. ಅವನು ಕಲಿತದ್ದು ಬರೀ ಶೋಕಿಗೆ. ನೀರೊಳಗೆ ಹೋದರೆ ಗಾಬರಿಗೆ ಬುಸುಬುಸು ಉಸಿರಾಡಿ ಎಲ್ಲರಿಗಿಂತ ಮೊದಲು ಸಿಲಿಂಡರ್ ಖಾಲಿ ಮಾಡುತ್ತಿದ್ದ. ನಿನ್ನ ಲಾರಿಗೂ ನಿನಗೂ ಮೈಲೇಜ್ ಇಲ್ಲ ಎಂದು ನಾನು ರೇಗಿಸುತ್ತಿದ್ದೆ.

ಕರಾವಳಿಯಲ್ಲಿ ನಮ್ಮನ್ನು ಒಮ್ಮೆ ಕೃತಕ ಬಂಡೆಗಳ ಹತ್ತಿರ ಇಳಿಸಿದ್ದರು. ಸಿಮೆಂಟಿನ ಪೆಟ್ಟಿಗೆ, ರಿಂಗುಗಳನ್ನು ಸಮುದ್ರದ ತಳದಲ್ಲಿ ಬಿಟ್ಟಿದ್ದರು. ಬರೀ ಮರಳಿದ್ದ ಜಾಗದಲ್ಲಿ ಅವುಗಳ ಮೇಲೆ ಪಾಚಿ ಹತ್ತಿ, ಚಿಪ್ಪು ಅಂಟಿ, ಸಂತೆಯ ಹಾಗೆ ಮೀನು ಸೇರಿತ್ತು. ನನಗೆ ಬಾಯಿ ಸುಮ್ಮನಿರಲಿಲ್ಲ. ಆಲೂರು ಕಡೆ ಹೇಮಾವತಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಒಂದು ಸಣ್ಣ ಸಂಘವಿತ್ತು, ಅವರ ಬೋಟಿನ ಮೋಟಾರು ನಾನೇ ನೋಡಿಕೊಳ್ಳುತ್ತಿದ್ದೆ. ಅವರಿಗೆ ಇದನ್ನು ಬಣ್ಣಿಸಿದೆ. ಅವರು ಬಾವಿಗೆ ಇಳಿಸುವ ಸಿಮೆಂಟ್ ರಿಂಗುಗಳನ್ನು ತಂದು, ಪಕ್ಕಕ್ಕೆ ತೂತು ಹೊಡೆದು, ಮೂರು ಕಡೆ ಗುಂಪುಗುಂಪಾಗಿ ನೀರಿಗೆ ಬಿಟ್ಟೇಬಿಟ್ಟರು. ಅದಕ್ಕೆ ಮೀನಿನ ಮನೆ ಎಂದು ಹೆಸರೂ ಇಟ್ಟರು.

ಒಂದು ವರ್ಷವಾದ ಮೇಲೆ ಇನ್ನಷ್ಟು ರಿಂಗು ಹಾಕುವ ಮಾತು ಬಂತು. ಅದಕ್ಕೆ ಮೊದಲು ಹಳೆಯವು ನಿಂತಿವೆಯೋ, ಹೂಳಿನಲ್ಲಿ ಹೂತು ಹೋಗಿವೆಯೋ ಯಾರಾದರೂ ಇಳಿದು ನೋಡಬೇಕಿತ್ತು. ಪ್ರತಿ ಗುಂಪಿಗೂ ನಂಬರಿನ ತಗಡು ಕಟ್ಟಬೇಕಿತ್ತು. ಸಲಹೆ ಕೊಟ್ಟವನು ನಾನೇ ಆದ್ದರಿಂದ ಇಳಿಯುವವನೂ ನಾನೇ ಆದೆ. ಒಬ್ಬನೇ ಇಳಿಯುವ ಹಾಗಿಲ್ಲ, ಅದು ಡೈವಿಂಗಿನ ಮೊದಲ ಪಾಠ. ಸಲೀಂಗೆ ಫೋನ್ ಮಾಡಿದೆ. ಬರಲ್ಲ ಮಾರಾಯ, ಕೆಂಪು ನೀರಲ್ಲಿ ಏನು ಕಾಣುತ್ತೆ ಎಂದ. ಕಾಣದಿದ್ದರೆ ಮುಟ್ಟಿ ನೋಡು ಎಂದೆ. ಕೊನೆಗೆ ನನ್ನ ಕಾಟಕ್ಕೆ ಒಪ್ಪಿದ. ಅವನನ್ನು ಒಪ್ಪಿಸಿದವನು ನಾನು ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮೇಲೆ ಹಗ್ಗ ಹಿಡಿಯಲು ಮಂಜಣ್ಣ ಇದ್ದ. ಹಾನುಬಾಳು ಕಡೆಯವನು, ವಯಸ್ಸು ಐವತ್ತೈದರ ಮೇಲೆ. ಮೂವತ್ತು ವರ್ಷ ಒಂದು ಎಸ್ಟೇಟಿನ ಕೂಲಿ ಲೈನಿನಲ್ಲಿದ್ದು, ಮಗಳ ಮದುವೆ ಆದ ಮೇಲೆ ಆಲೂರಿಗೆ ಬಂದು ಮೀನಿಗೆ ಇಳಿದವನು. ಎಸ್ಟೇಟ್ ಕೆರೆಗಳಲ್ಲಿ ನಾನು ಇಳಿದಾಗಲೆಲ್ಲ ನನ್ನ ಹಗ್ಗ ಅವನ ಕೈಯಲ್ಲೇ ಇರುತ್ತಿತ್ತು. ಸಮುದ್ರದಲ್ಲಾದರೆ ಒಬ್ಬರಿಗೊಬ್ಬರು ಕಾಣುತ್ತಾರೆ, ಕೈಸನ್ನೆ ಸಾಕು. ನಮ್ಮ ಕೆಸರು ನೀರಿನಲ್ಲಿ ಮೊಣಕೈಯಿಂದ ಆಚೆ ಏನೂ ಕಾಣುವುದಿಲ್ಲ, ಹಗ್ಗವೇ ಮಾತು. ಎದೆಯ ಪಟ್ಟಿಗೆ ಕಟ್ಟಿದ ಹಗ್ಗವನ್ನು ಎಷ್ಟು ಸಲ ಜಗ್ಗಿದರೆ ಏನರ್ಥ ಎಂದು ಲೆಕ್ಕ ಇರುತ್ತದೆ. ನಾನು ಕಲಿತು ಬಂದ ಲೆಕ್ಕದಲ್ಲಿ ಒಂದು ಸಲ ಜಗ್ಗಿದರೆ ಎಲ್ಲ ಸರಿ ಇದೆ ಎಂದು.

ಮಂಜಣ್ಣ ಮೊದಲ ದಿನವೇ ಅದಕ್ಕೆ ಒಪ್ಪಿರಲಿಲ್ಲ. ನಮ್ಮ ಕಡೆ ಎಸ್ಟೇಟುಗಳಲ್ಲಿ ಮಂಜು ಬಿದ್ದಾಗ ತೋಟದ ಒಂದು ಪಟ್ಟೆಯಿಂದ ಇನ್ನೊಂದು ಪಟ್ಟೆಗೆ ಕೂಗಿ ಕರೆಯುವುದು ಇವತ್ತಿಗೂ ಇದೆ. ಆದರೆ ಒಂದೇ ಕೂಗಿಗೆ ಹಳಬರು ಯಾರೂ ಓಗೊಡುವುದಿಲ್ಲ, ಎರಡನೆಯದಕ್ಕೆ ಕಾಯುತ್ತಾರೆ.

"ಒಂದ್ ಸಲ ಕರೆದಿದ್ದಕ್ಕೆ ಓ ಅನ್ನಬಾರ್ದು ಕಣ್ರೀ," ಎಂದಿದ್ದ. "ಮನುಷ್ಯ ಆದ್ರೆ ಇನ್ನೊಂದು ಸಲ ಕರೀತಾನೆ. ಕೆಲ್ಸ ಇರೋನು ಸುಮ್ನೆ ಇರ್ತಾನಾ? ಒಂದೇ ಸಲ ಕರೆದು ಕಾಯ್ತಾ ಕೂರೋದು ಮನುಷ್ಯರ ಪೈಕಿ ಅಲ್ಲ."

ನಾನು ನಕ್ಕಿದ್ದೆ. ಆದರೆ ಯೋಚಿಸಿದಾಗ ಅದರಲ್ಲಿ ಅನುಕೂಲವೂ ಕಂಡಿತ್ತು. ತೆಪ್ಪ ಅಲುಗಿದರೆ, ಕೊಂಬೆಗೆ ತಾಗಿದರೆ ಹಗ್ಗ ಒಮ್ಮೆ ತಾನಾಗಿಯೇ ಜಗ್ಗುತ್ತದೆ. ಆದ್ದರಿಂದ ನಮ್ಮ ಲೆಕ್ಕದಿಂದ ಒಂದನ್ನು ತೆಗೆದೇ ಹಾಕಿದೆವು. ಎರಡು ಸಲ ಜಗ್ಗಿದರೆ ಸರಿ ಇದೆ, ಮೂರು ಸಲಕ್ಕೆ ಮೇಲೆಳೆ, ನಾಲ್ಕು ಸಲಕ್ಕೆ ಅಪಾಯ. ಒಂದಕ್ಕೆ ಅರ್ಥವಿಲ್ಲ, ಉತ್ತರ ಕೊಡಬಾರದು. ನೀರೊಳಗೆ ಕೈ ಹಿಡಿದು ಅದುಮುವುದಕ್ಕೂ ಇದೇ ಲೆಕ್ಕ ಇಟ್ಟುಕೊಂಡೆವು. ಎಷ್ಟೋ ವರ್ಷ ಹೀಗೆ ಕೆಲಸ ಮಾಡಿ ಏನೂ ತೊಂದರೆಯಾಗಿರಲಿಲ್ಲ.

ಅವತ್ತು ಎರಡು ತೆಪ್ಪ ಜೋಡಿಸಿ ಕಟ್ಟಿ, ರಿಂಗುಗಳ ಗುರುತಿಗೆ ತೇಲಿಬಿಟ್ಟಿದ್ದ ಖಾಲಿ ಕ್ಯಾನಿನ ಹತ್ತಿರ ನಿಲ್ಲಿಸಿದೆವು. ಮಳೆಗಾಲಕ್ಕೆ ಮುಂಚಿನ ದಿನಗಳು, ನೀರು ಇಳಿದಿತ್ತು. ಆಳ ಸುಮಾರು ಇಪ್ಪತ್ತೈದು ಅಡಿ. ಮಂಜಣ್ಣ ನನ್ನ ಹಗ್ಗವನ್ನು ಬಲಗೈಯಲ್ಲಿ, ಸಲೀಂನ ಹಗ್ಗವನ್ನು ಎಡಗೈಯಲ್ಲಿ ಹಿಡಿದು ಕೂತ. ಸಿಮೆಂಟಿನ ಅಂಚು, ಕಂಬಿ ಕೈ ಕುಯ್ಯುತ್ತದೆಂದು ಇಬ್ಬರೂ ದಪ್ಪ ಕೈಗವಸು ಹಾಕಿದ್ದೆವು. ಸಲೀಂ ತನ್ನ ಗವಸಿನ ಪಟ್ಟಿಯನ್ನು ಮಣಿಕಟ್ಟಿನಲ್ಲಿ ಬಿಗಿಯಾಗಿ ಸುತ್ತಿದ. ಬಿಸ್ಮಿಲ್ಲಾ ಎಂದು ಇಳಿದ. ನಾನು ಹಿಂದೆಯೇ ಇಳಿದೆ.

ಮೊದಲ ಹತ್ತಡಿ ನೀರು ಟೀ ಬಣ್ಣಕ್ಕಿತ್ತು, ಕೆಳಗೆ ಕತ್ತಲೆ. ಟಾರ್ಚ್ ಹಾಕಿದರೆ ಮುಖದ ಮುಂದೆ ಕಂದು ಗೋಡೆ ಎದ್ದ ಹಾಗೆ. ಕ್ಯಾನಿನ ಹಗ್ಗ ಹಿಡಿದು ಮೊದಲ ಗುಂಪಿನ ಮೇಲೆ ಇಳಿದೆವು. ರಿಂಗುಗಳು ಒಂದು ಮೊಳ ಮಾತ್ರ ಹೂತಿದ್ದವು, ಗಟ್ಟಿಯಾಗಿ ನಿಂತಿದ್ದವು. ನನ್ನ ಕಾಲ ಸಂದಿನಲ್ಲಿ ಏನೋ ದಪ್ಪನೆಯದು ನುಗ್ಗಿ ಹೋಯಿತು, ಗೆಂಡೆ ಮೀನಿರಬೇಕು. ಸಂತೋಷವಾಯಿತು. ಸಿಮೆಂಟಿನ ಮೇಲೆ ಮೊಟ್ಟೆ ಅಂಟಿದೆಯೇ ಎಂದು ತಡವಿ ನೋಡಲು ನನ್ನ ಎಡಗೈಯ ಗವಸು ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಸಲೀಂ ತಗಡು ಕಟ್ಟುವುದಕ್ಕೆಂದು ನನ್ನ ಕೈ ಬಿಟ್ಟ. ನಾನು ಎರಡನೆಯ ಗುಂಪು ಯಾವ ದಿಕ್ಕಿಗೆ ಎಂದು ತಳದಲ್ಲಿ ಬಿಟ್ಟಿದ್ದ ಗುರುತಿನ ಹಗ್ಗ ಹುಡುಕುತ್ತಾ ನಾಲ್ಕೈದು ಅಡಿ ಸರಿದೆ. ಹಗ್ಗ ಸಿಕ್ಕಿತು. ಎಡಗೈ ಹಿಂದಕ್ಕೆ ಚಾಚಿ ಕಾದೆ.

ಕೈಯೊಂದು ಬಂದು ನನ್ನ ಕೈ ಹಿಡಿಯಿತು.

ನಾನು ಎರಡು ಸಲ ಅದುಮಿದೆ, ಸರಿ ಇದ್ದೀಯಾ ಎಂದು. ಅದು ಒಂದು ಸಲ ಅದುಮಿತು. ಸೋಮಾರಿ, ಎರಡು ಸಲ ಅದುಮಲಿಕ್ಕೂ ಇವನಿಗೆ ಆಗಲ್ಲ ಎಂದುಕೊಂಡೆ. ಬೆರಳುಗಳು ಬರಿದಾಗಿದ್ದವು. ಇವನೂ ಗವಸು ತೆಗೆದಿದ್ದಾನೆ, ತಂತಿ ಸುತ್ತಲು ತೊಡಕಾಗಿರಬೇಕು ಎಂದು ನಾನೇ ಕಾರಣ ಕೊಟ್ಟುಕೊಂಡೆ. ಕೈ ಬೆಚ್ಚಗಿತ್ತು. ಅಷ್ಟು ತಣ್ಣನೆಯ ನೀರಿನಲ್ಲಿ ಬೆಚ್ಚಗಿದ್ದ ಕೈಯ ಬಗ್ಗೆ ನಾನು ಯಾಕೆ ಯೋಚಿಸಲಿಲ್ಲ ಎಂದು ನೀವು ಕೇಳಬಹುದು. ಇಷ್ಟವಾಯಿತು ಅಷ್ಟೆ. ಕತ್ತಲೆಯ ನೀರಿನಲ್ಲಿ ಜೊತೆಗೊಂದು ಬೆಚ್ಚನೆಯ ಕೈ ಇದ್ದರೆ ಯಾರಿಗಾದರೂ ಇಷ್ಟವಾಗುತ್ತದೆ.

ಎರಡನೆಯ ಗುಂಪಿಗೆ ಹೋದೆವು. ಹೋದೆವು ಎಂದೇ ಬರೆಯುತ್ತೇನೆ, ಅವತ್ತು ನನಗೆ ಇದ್ದುದು ಆ ಭಾವನೆಯೇ. ಅಲ್ಲಿ ಒಂದು ರಿಂಗು ಮಗುಚಿತ್ತು. ಒಂದೇ ಕೈಯಲ್ಲಿ ಸುತ್ತಲೂ ತಡವಿ ನೋಡಿದೆ. ಅಲ್ಲಿಂದ ಮೂರನೆಯ ಗುಂಪಿಗೆ. ನಡುವೆ ಎರಡು ಮೂರು ಸಲ ಅದುಮಿದೆ, ಪ್ರತಿ ಸಲವೂ ಒಂದೇ ಒಂದು ಉತ್ತರ ಬಂತು. ಆ ಕೈ ಎಳೆಯಲಿಲ್ಲ, ತಡೆಯಲಿಲ್ಲ, ನಾನು ಹೋದ ಕಡೆ ಬಂತು. ನೀರಿನೊಳಗೆ ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಅವನ ಉಸಿರಿನ ಗುಳ್ಳೆಗಳ ಸದ್ದು ಚೆನ್ನಾಗಿ ಕೇಳುತ್ತದೆ. ಅದರಲ್ಲೂ ಸಲೀಂ ಪಕ್ಕದಲ್ಲಿದ್ದರೆ ಅನ್ನ ಕುದಿಯುವ ಪಾತ್ರೆಯ ಪಕ್ಕ ಕೂತ ಹಾಗೆ. ಅವತ್ತು ನಾನು ಕೇಳಿಸಿಕೊಂಡದ್ದು ನನ್ನ ಗುಳ್ಳೆಗಳನ್ನು ಮಾತ್ರ. ಇದು ನೆನಪಾದದ್ದು ಮನೆಗೆ ಹೋಗಿ ಊಟಕ್ಕೆ ಕೂತಾಗ.

ನನ್ನ ಸಿಲಿಂಡರಿನ ಮೀಟರನ್ನು ಮಾಸ್ಕಿಗೆ ತಾಗಿಸಿ ನೋಡಿದೆ. ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ನನ್ನದೇ ಇಷ್ಟಿದ್ದರೆ ಸಲೀಂನದು ಮುಗಿದೇ ಹೋಗಿರಬೇಕೆಂದು ಗಾಬರಿಯಾಗಿ ಮೂರು ಸಲ ಅದುಮಿದೆ, ಮೇಲೆ ಹೋಗೋಣ ಎಂದು. ಆಗ ಆ ಕೈ ಮೆಲ್ಲಗೆ ಬಿಟ್ಟಿತು. ಜಾರಲಿಲ್ಲ. ಬಸ್ಸು ಹತ್ತಿಸಿದ ಮೇಲೆ ನೆಂಟರು ಕೈ ಬಿಡುತ್ತಾರಲ್ಲ, ಹಾಗೆ. ಅವನೂ ತನ್ನ ಹಗ್ಗ ಜಗ್ಗುತ್ತಿದ್ದಾನೆ ಎಂದುಕೊಂಡು ನಾನು ನನ್ನದನ್ನು ಮೂರು ಸಲ ಜಗ್ಗಿದೆ. ಮಂಜಣ್ಣ ಎಳೆದುಕೊಂಡ.

ಮೇಲೆ ಬಂದು ಮಾಸ್ಕ್ ಕಿತ್ತು ನೋಡಿದರೆ ತೆಪ್ಪದಲ್ಲಿ ಮಂಜಣ್ಣ ಒಬ್ಬನೇ. ಅವನ ಎಡಗೈಯ ಹಗ್ಗ ಬಿಗಿಯಾಗಿ ನೀರಿಗೆ ಇಳಿದಿತ್ತು. ಇಳಿದಿದ್ದು ನಾನು ಎದ್ದ ಕಡೆಗಲ್ಲ. ನಮ್ಮ ಬೆನ್ನ ಹಿಂದೆ, ಮೂವತ್ತು ಅಡಿಯಾಚೆ ತೇಲುತ್ತಿದ್ದ ಮೊದಲ ಕ್ಯಾನಿನ ಕಡೆಗೆ.

"ಸಲೀಮಣ್ಣ ಎಲ್ಲಿ?" ಎಂದು ಕೇಳಿದವನು ಮಂಜಣ್ಣ.

"ನನ್ನ ಜೊತೆಗೇ ಇದ್ದ," ಎಂದೆ.

"ನಿಮ್ ಜೊತೆಗಾ? ಅವ್ರ ಹಗ್ಗ ಅಲ್ಲಿಂದ ಒಂದ್ ಗೇಣೂ ಅಲ್ಲಾಡಿಲ್ಲ ಕಣ್ರೀ. ನಿಮ್ ಹಗ್ಗ ಬಿಡ್ತಾ ಬಿಡ್ತಾ ನಾನು ತೆಪ್ಪನ ಈ ಕಡೆ ತಳ್ಕೊಂಡ್ ಬಂದೆ. ಅವ್ರದ್ದು ಅಲ್ಲೇ ಐತೆ."

"ಜಗ್ಗಲಿಲ್ವಾ?"

ಅವನು ತನ್ನ ಎಡಗೈಯ ಹಗ್ಗ ನೋಡಿದ. ಆಮೇಲೆ, "ಜಗ್ಗಿತು. ಒಂದೊಂದೇ ಸಲ. ಆರೇಳು ಕಿತ ಬಂತು. ಒಂದು ಬಂದು ಸುಮ್ನಾಗ್ಬುಡೋದು, ಮತ್ತೆ ಸುಮಾರು ಹೊತ್ತು ಬಿಟ್ಟು ಇನ್ನೊಂದು. ಒಂದಕ್ಕೆ ಉತ್ತರ ಕೊಡಬಾರ್ದಲ್ಲ, ಅದ್ಕೇ ನಾನು..." ಎಂದವನು ಅಲ್ಲಿಗೆ ನಿಲ್ಲಿಸಿದ.

ಉಳಿದ ಗಾಳಿ ಎಷ್ಟಿದೆ ಎಂದು ನೋಡಲೂ ಇಲ್ಲ. ಸಲೀಂನ ಹಗ್ಗ ಹಿಡಿದು ನೇರ ಇಳಿದೆ. ಅದು ಮೊದಲ ಗುಂಪಿನ ರಿಂಗಿನ ಅಡಿಯಲ್ಲಿ ಹೊಕ್ಕು ಸಿಕ್ಕಿಕೊಂಡಿತ್ತು. ಅದಕ್ಕೇ ಅವನು ಒಳಗೆ ಮೈ ಕೊಸರಿ ನಾಲ್ಕು ಸಲ ಜಗ್ಗಿದರೆ ಮೊದಲನೆಯದು ಮಾತ್ರ ಮೇಲಕ್ಕೆ ಮುಟ್ಟಿ, ಆಮೇಲೆ ಹಗ್ಗ ಕಚ್ಚಿಕೊಳ್ಳುತ್ತಿತ್ತು. ಇಷ್ಟಕ್ಕೆ ಕಾರಣ ಇದೆ, ಬಿಚ್ಚಿ ತೋರಿಸಬಲ್ಲೆ. ರಿಂಗಿನ ಪಕ್ಕದಲ್ಲಿ ನನ್ನ ಕೈಗೆ ಬಲೆ ಸಿಕ್ಕಿತು. ಯಾರೋ ಯಾವಾಗಲೋ ಕಳೆದುಕೊಂಡ ಹಳೆಯ ಬಲೆ. ಅದರೊಳಗೆ ಸಲೀಂನ ಸಿಲಿಂಡರು, ಬಲಗೈ, ಎರಡೂ ಕಾಲು. ಎದೆಯ ಮೇಲೆ ಕೈಯಿಟ್ಟೆ. ಉಸಿರಾಡುತ್ತಿದ್ದ. ನಿಧಾನವಾಗಿ, ಮಲಗಿದ ಮನುಷ್ಯ ಉಸಿರಾಡುವ ಹಾಗೆ.

ಚಾಕುವಿನಿಂದ ಬಲೆ ಕುಯ್ದು ಬಿಡಿಸಿ ಮೇಲೆ ತರುವ ಹೊತ್ತಿಗೆ ನನ್ನ ಗಾಳಿ ಪೂರ್ತಿ ನಿಂತಿತ್ತು, ಕೊನೆಯ ಕೆಲವು ಅಡಿಗಳನ್ನು ನೀರು ಕುಡಿದುಕೊಂಡೇ ಬಂದೆ. ಮಂಜಣ್ಣ ಇಬ್ಬರನ್ನೂ ಎಳೆದು ತೆಪ್ಪಕ್ಕೆ ಹಾಕಿಕೊಂಡ. ನಾನು ಮೊದಲು ನೋಡಿದ್ದು ಸಲೀಂನ ಕೈಗಳನ್ನು. ಎರಡರಲ್ಲೂ ಗವಸು ಇತ್ತು. ಮಣಿಕಟ್ಟಿನ ಪಟ್ಟಿ ಇಳಿಯುವಾಗ ಸುತ್ತಿದ ಹಾಗೆಯೇ ಬಿಗಿಯಾಗಿತ್ತು. ಆಮೇಲೆ ಅವನ ಮೀಟರು ನೋಡಿದೆ. ಮುಳ್ಳು ಇನ್ನೂ ಕೆಂಪಿನಿಂದ ದೂರವಿತ್ತು. ಬಲೆಯಲ್ಲಿ ಸಿಕ್ಕಿಬಿದ್ದದ್ದು ಹಾಗಿರಲಿ, ಸುಮ್ಮನೆ ಇಳಿದಾಗಲೂ ನನಗಿಂತ ಮೊದಲು ಸಿಲಿಂಡರ್ ಮುಗಿಸುವ ಸಲೀಂ, ಅವತ್ತು ನನಗಿಂತ ಕಡಿಮೆ ಗಾಳಿ ಬಳಸಿದ್ದ. ಎಂದಿನ ಹಾಗೆ ಬಳಸಿದ್ದರೆ ನಾನು ಹೋಗುವ ಹೊತ್ತಿಗೆ ಅವನು ಉಳಿದಿರುತ್ತಿರಲಿಲ್ಲವೇನೋ.

ಅವನು ಮಲಗಿಕೊಂಡೇ ನನ್ನ ಕಡೆ ತಿರುಗಿ ನಕ್ಕ.

"ನೀನು ಕೈ ಹಿಡ್ಕೊಂಡು ಕೂತಿದ್ದೆಯಲ್ಲ ಮಾರಾಯ, ಅದಕ್ಕೇ ಬದುಕಿದೆ," ಎಂದ. "ಸಿಕ್ಕಿಹಾಕ್ಕೊಂಡ ತಕ್ಷಣ ಮುಗೀತು ಅಂತ್ಲೇ ಅಂದ್ಕೊಂಡೆ. ಆಗ ಬಂದು ಎಡಗೈ ಹಿಡ್ಕೊಂಡೆ ನೋಡು. ನಾನು ಗಾಬರಿಯಾದಾಗೆಲ್ಲ ನೀನು ಒಂದು ಸಲ ಅದುಮ್ತಿದ್ದೆ. ಆಮೇಲೆ ಉಸಿರು ಸರಿಹೋಯ್ತು. ನೀನು ಬಿಡಿಸದೆ ಸುಮ್ನೆ ಯಾಕೆ ಕೂತಿದ್ದೀಯ ಅಂತ ಮಾತ್ರ ಗೊತ್ತಾಗ್ಲಿಲ್ಲ."

ನಾನು ಅವನ ಗವಸಿನ ಪಟ್ಟಿ ಬಿಚ್ಚತೊಡಗಿದೆ. ಮಂಜಣ್ಣ ನನ್ನ ಮುಖ ನೋಡಿದ. ನಾನು ಎಲ್ಲಿಂದ ಎದ್ದೆ ಎಂದು ಅವನಿಗೆ ಗೊತ್ತಿತ್ತು. ಅವನು ಕಣ್ಣು ತೆಗೆದು ನೀರನ್ನು ನೋಡುತ್ತಾ ಹುಟ್ಟು ಹಾಕತೊಡಗಿದ. ದಡ ಮುಟ್ಟುವವರೆಗೂ ಮೂವರಲ್ಲಿ ಮಾತಾಡಿದವನು ಸಲೀಂ ಒಬ್ಬನೇ.

ಆ ಕ್ಷಣದಲ್ಲಿ ಹೇಳಿಬಿಟ್ಟಿದ್ದರೆ ಮುಗಿದಿರುತ್ತಿತ್ತು. ಆಗ ಹೇಳದಿದ್ದುದಕ್ಕೆ ಆಘಾತ ಕಾರಣ. ಆಮೇಲೆ ಹೇಳದಿದ್ದುದಕ್ಕೆ ನಾನೇ ಕಾರಣ. ಆಲೂರಿನಲ್ಲಿ ಟೀ ಕುಡಿಯಲು ನಿಂತಾಗ ಸಲೀಂ ಅಂಗಡಿಯವನಿಗೆ ಹೇಳಿದ, ಬಸ್ಸಿಗೆ ಕಾಯುತ್ತಿದ್ದವರಿಗೆ ಹೇಳಿದ, ಇಂಥ ಸ್ನೇಹಿತ ಸಿಗಬೇಕು ಕಣ್ರೀ ಎಂದು. ಸಂಜೆ ಅವನ ಮನೆಗೆ ಹೋದರೆ ಅವನ ತಾಯಿ ನನ್ನ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡು ಅತ್ತರು. ಆ ಮುದುಕಿಯ ಕಣ್ಣೀರು ಕೈಮೇಲೆ ಬಿದ್ದಿರುವಾಗ, ಅಮ್ಮಾ ಅದು ನಾನಲ್ಲ, ನಾನು ಆಗ ಬೇರೆ ಯಾರದೋ ಕೈ ಹಿಡಿದು ಸುತ್ತುತ್ತಿದ್ದೆ ಎಂದು ಹೇಗೆ ಹೇಳುವುದು? ನಿಜ ಹೇಳಬೇಕೆಂದರೆ ಹೊಗಳಿಕೆ ಚೆನ್ನಾಗಿಯೂ ಇತ್ತು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಕಾರಣ ಹುಡುಕದೆ ಬಿಟ್ಟಿಲ್ಲ. ಆಳದಲ್ಲಿ ತಲೆ ಮಂಕಾಗಿ ಭ್ರಮೆಯಾಗುವುದುಂಟು. ಅದಕ್ಕೆ ನೂರಡಿಗಿಂತ ಹೆಚ್ಚು ಆಳ ಬೇಕು, ನಾವಿದ್ದದ್ದು ಇಪ್ಪತ್ತೈದು ಅಡಿಯಲ್ಲಿ. ಸಿಲಿಂಡರಿನ ಗಾಳಿ ಕೆಟ್ಟಿತ್ತೇ ಎಂದು, ಒಟ್ಟಿಗೇ ತುಂಬಿಸಿದ್ದ ಸಲೀಂನ ಸಿಲಿಂಡರಿನಲ್ಲಿ ಉಳಿದದ್ದನ್ನು ಪರೀಕ್ಷೆ ಮಾಡಿಸಿದೆ, ಶುದ್ಧವಾಗಿತ್ತು. ಗಾಬರಿಯಲ್ಲಿ ಒಬ್ಬನಿಗೆ ಕೈ ಹಿಡಿದ ಹಾಗೆ ಅನ್ನಿಸಬಹುದು. ಸಲೀಂಗೆ ಗಾಬರಿಯಿತ್ತು, ಒಪ್ಪೋಣ. ನನಗೇನು ಗಾಬರಿ? ನಾನು ಮೀನಿನ ಮೊಟ್ಟೆ ಹುಡುಕುತ್ತಿದ್ದೆ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ, ಮೂವತ್ತು ಅಡಿ ದೂರದಲ್ಲಿ, ಒಂದೇ ರೀತಿ ಹೇಗೆ ಅನ್ನಿಸಿತು? ಇನ್ನೊಂದು ಪ್ರಶ್ನೆ ಇದಕ್ಕಿಂತ ಹೆಚ್ಚು ಕಾಡುತ್ತದೆ. ಆ ಕೈ ಅವನನ್ನು ಉಳಿಸಿತು ಎಂದಾದರೆ, ಅವನ ಕೈ ಹಿಡಿದು ಉಳಿಸುವಾಗಲೇ ನನ್ನ ಕೈಯನ್ನೂ ಹಿಡಿದು ಅವನಿಂದ ದೂರ ಕರೆದುಕೊಂಡು ಹೋದದ್ದೇಕೆ? ನನ್ನ ಕೈಗೆ ಏನೂ ಸಿಗದೇ ಹೋಗಿದ್ದರೆ ನಾನು ಅರ್ಧ ನಿಮಿಷದಲ್ಲಿ ತಿರುಗಿ ನೋಡುತ್ತಿದ್ದೆ.

ಮಂಜಣ್ಣ ಅಂದಿನಿಂದ ಯಾರ ಹಗ್ಗವನ್ನೂ ಹಿಡಿಯಲಿಲ್ಲ. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ನಾನೇ ಮಾತೆತ್ತಿದೆ. "ಬುಡಿ, ಆ ಮಾತು ಬ್ಯಾಡ. ನಾನು ಅವತ್ತು ಓ ಅಂದಿದ್ರೆ ಆಗ್ತಿತ್ತು," ಎಂದಷ್ಟೇ ಹೇಳಿ ಮೀನಿನ ಬುಟ್ಟಿ ಎತ್ತಿಕೊಂಡು ಹೋದ. ಅವನದೇನೂ ತಪ್ಪಿಲ್ಲ. ಲೆಕ್ಕದಿಂದ ಒಂದನ್ನು ತೆಗೆದು ಹಾಕಲು ಒಪ್ಪಿದವನು ನಾನು.

ಇಷ್ಟು ವರ್ಷದ ಮೇಲೆ ಇದನ್ನು ಹೊರಗೆ ಹಾಕಲು ಕಾರಣ ಸಲೀಂನ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಅವಳಿಗೆ ಡೈವಿಂಗ್ ಕಲಿಯಬೇಕೆಂದು ಹಟ. ಹೋದ ತಿಂಗಳು ಸಲೀಂ ಅಂಗಡಿಗೆ ಬಂದು, "ಬೇರೆ ಯಾರ ಜೊತೆನೂ ಕಳಿಸಲ್ಲ ಅಂದುಬಿಟ್ಟೆ. ನಿನ್ನ ಜೊತೆ ಆದ್ರೆ ಕಣ್ಣು ಮುಚ್ಕೊಂಡು ಕಳಿಸ್ತೀನಿ," ಎಂದ. ನಾನು ಹೂಂ ಎಂದೆ. ಅವನು ಹೋದ ಮೇಲೆ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಸುತ್ತಲಾಗಲಿಲ್ಲ. ಅವನು ಮಗಳನ್ನು ಒಪ್ಪಿಸುತ್ತಿದ್ದುದು ಅವತ್ತು ತನ್ನ ಪಕ್ಕ ಕೂತವನಿಗೆ. ಆ ಮನುಷ್ಯ ನಾನಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಗೋಡೌನಿಗೆ ಹೋದೆ. ತಟ್ಟೆಯಲ್ಲಿ ಕಾಫಿ ಬೀಜದ ಸ್ಯಾಂಪಲ್ ಹರಡಿಕೊಂಡು ಕಪ್ಪು ಬೀಜ ಆರಿಸುತ್ತಿದ್ದ. ಕೂತು ಎಲ್ಲವನ್ನೂ ಹೇಳಿದೆ. ಬೆಚ್ಚಗಿದ್ದ ಕೈ, ಒಂದೇ ಸಲದ ಉತ್ತರ, ನಾನು ಎದ್ದ ಜಾಗ, ಅವನ ಗವಸು, ಎಲ್ಲ. ಮೊದಲು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಆರಿಸುವುದನ್ನು ನಿಲ್ಲಿಸಿದ. ತನ್ನ ಎಡಗೈಯನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಟ್ಟು, ಅದು ತನ್ನದಲ್ಲವೇನೋ ಎಂಬಂತೆ ನೋಡುತ್ತಾ ಕೂತ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಧೈರ್ಯ ಇರ್ಲಿಲ್ಲ," ಎಂದೆ.

"ಪ್ರತಿ ಶುಕ್ರವಾರ ನಮಾಜ್ ಆದ್ಮೇಲೆ ನಿನ್ನ ಹೆಸರು ಹೇಳಿ ದುವಾ ಮಾಡ್ತೀನಿ ಕಣೋ. ಅವತ್ತಿಂದ ಒಂದು ಶುಕ್ರವಾರ ಬಿಟ್ಟಿಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. "ಅದೆಲ್ಲ ಯಾರಿಗೆ ಸೇರ್ಬೇಕಿತ್ತು?"

ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ನಾನು ಎದ್ದು ಬಂದೆ. ಮಗಳನ್ನು ಕಳಿಸುವ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಆ ವಾರದ ಶುಕ್ರವಾರ ಮಧ್ಯಾಹ್ನ, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

"ಇವತ್ತು ಹೆಸರು ಹೇಳದೇ ದುವಾ ಮಾಡಿದೆ," ಎಂದು ಹೇಳಿ ಹೊರಟುಹೋದ.